ಲಿವರ್‌ಗೆ ವಿಷ ಎಳೆದುಕೊಳ್ಳಲು ಶಕ್ತಿ ಸಾಲುತ್ತಿಲ್ಲವೇ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಎತ್ತರ 170 ಸೆಂ.ಮೀ., ತೂಕ 84 ಕೆ.ಜಿ. ಮದ್ಯ ಮುಟ್ಟುವುದಿಲ್ಲ. ಹೋದ ತಿಂಗಳು ಹೆಲ್ತ್ ಚೆಕಪ್ ಮಾಡಿಸಿದಾಗ ಅಲ್ಟ್ರಾಸೌಂಡ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಎಂದು ಬಂತು. ಲಿವರ್ ಕಿಣ್ವಗಳಾದ ಎಎಲ್‌ಟಿ 68, ಎಎಸ್‌ಟಿ 46, ಬಿಲಿರುಬಿನ್ 0.8, ಪ್ಲೇಟ್‌ಲೆಟ್ 2,40,000. ಒಂದೂವರೆ ವರ್ಷದಿಂದ ಕೊಲೆಸ್ಟರಾಲ್‌ಗೆ ರೋಸುವಾಸ್ಟಾಟಿನ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದೇನೆ. ಮಧ್ಯಾಹ್ನ ಆಯಿತೆಂದರೆ ಮೈಯೆಲ್ಲ ಜಡ, ಕುಳಿತಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ಪರಿಚಯದ ಆಹಾರ ಸಲಹೆಗಾರರೊಬ್ಬರು ಹೀಗೆ ಹೇಳಿದರು: "ಲಿವರ್ ಜೀವಕೋಶ ರಕ್ತದಿಂದ ವಿಷ ಎಳೆದುಕೊಳ್ಳಬೇಕಾದರೆ ಶಕ್ತಿ ಬೇಕು. ಕೊಬ್ಬು ತುಂಬಿ ನಿಮ್ಮ ಜೀವಕೋಶದಲ್ಲಿ ಶಕ್ತಿಯೇ ಇಲ್ಲ. ವಿಷ ರಕ್ತದಲ್ಲೇ ಸುತ್ತುತ್ತಿದೆ, ಅದಕ್ಕೇ ಸುಸ್ತು." ಮೊದಲು ಮೂರು ದಿನ ಬರೀ ಜ್ಯೂಸ್ ಕುಡಿದು ಉಪವಾಸ, ಆಮೇಲೆ ಮೂರು ತಿಂಗಳು ಎಟಿಪಿ, ಗ್ಲುಟಾಥಯೋನ್ ಮತ್ತು ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಇರುವ ಒಂದು ಪುಡಿ, ಜೊತೆಗೆ ಸ್ಟಾಟಿನ್ ಬಿಡಬೇಕು ಎನ್ನುತ್ತಾರೆ. ಉಪವಾಸ ಇನ್ನೂ ಮಾಡಿಲ್ಲ, ಪುಡಿ ಮಾತ್ರ ಎರಡು ವಾರದಿಂದ ಕುಡಿಯುತ್ತಿದ್ದೇನೆ. ಇದರಲ್ಲಿ ನಿಜ ಎಷ್ಟು? ಅಷ್ಟಕ್ಕೂ ಜೀವಕೋಶ ವಿಷವನ್ನು ತಾನಾಗಿ ಒಳಗೆ ಎಳೆದುಕೊಳ್ಳುವುದಾದರೂ ಏಕೆ? ತಲೆನೋವಿಗೆ ಆಗಾಗ ಪ್ಯಾರಾಸಿಟಮಾಲ್ ನುಂಗುತ್ತೇನೆ, ಅದೂ ನಿಲ್ಲಿಸಬೇಕಾ?

ಉತ್ತರ: ಸಲಹೆಗಾರರ ಮೊದಲ ವಾಕ್ಯ ಬಹುಮಟ್ಟಿಗೆ ಸರಿ. ಲಿವರ್ ಜೀವಕೋಶ ರಕ್ತದಲ್ಲಿರುವ ಎಷ್ಟೋ ವಸ್ತುಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ಕೆಲಸದ ಹಿಂದೆ ಶಕ್ತಿಯ ಖರ್ಚು ಇದ್ದೇ ಇದೆ. ತಪ್ಪಿರುವುದು ಅದರ ನಂತರದ ಮಾತುಗಳಲ್ಲಿ. ಮೊದಲ ವಾಕ್ಯ ನಿಜವಾಗಿರುವುದರಿಂದ ಉಳಿದದ್ದೂ ನಿಜವಿರಬೇಕು ಅನ್ನಿಸುತ್ತದೆ, ಅಲ್ವಾ? ಕ್ಲಿನಿಕ್ಕಿಗೆ ಬರುವವರು ಕೈಯಲ್ಲಿ ಹಿಡಿದು ತರುವ ಡಬ್ಬಿಗಳಲ್ಲಿ ಹೆಚ್ಚಿನವು ಇಂಥ ಒಂದು ಅರ್ಧ ಸತ್ಯದ ಮೇಲೇ ಮಾರಾಟವಾಗಿರುತ್ತವೆ.

ನಿಮಗೆ ತಕ್ಷಣ ಬೇಕಾದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪುಡಿ ಇವತ್ತೇ ನಿಲ್ಲಿಸಿ. ಜ್ಯೂಸ್ ಉಪವಾಸ ಬೇಡ. ಸ್ಟಾಟಿನ್ ಬಿಡಬೇಡಿ. ನಿಮ್ಮ ಸುಸ್ತು ನಿಜ, ಆದರೆ ಅದಕ್ಕೆ ಕಾರಣ ರಕ್ತದಲ್ಲಿ ಸುತ್ತುತ್ತಿರುವ ವಿಷ ಅಲ್ಲ. ಏಕೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗುತ್ತದೆ.

ವಿಷವನ್ನು ಎಳೆದುಕೊಳ್ಳುವುದೇಕೆ?

ಇದು ಒಳ್ಳೆಯ ಪ್ರಶ್ನೆ. ಜೀವಕೋಶಕ್ಕೆ "ಇದು ವಿಷ, ಇದು ವಿಷವಲ್ಲ" ಎಂಬುದು ಗೊತ್ತಾಗುವುದಿಲ್ಲ. ಅದರ ಪೊರೆಯಲ್ಲಿ ಸಾಗಣೆ ಪ್ರೋಟೀನ್‌ಗಳು ಕೂತಿರುತ್ತವೆ. ಅವು ನೋಡುವುದು ಎದುರಿಗೆ ಬಂದ ಅಣುವಿನ ಆಕಾರ ಮತ್ತು ವಿದ್ಯುದಂಶವನ್ನು ಮಾತ್ರ. ಈ ಪ್ರೋಟೀನ್‌ಗಳಿಗೆ ದಿನನಿತ್ಯದ ಬೇರೆ ಕೆಲಸವಿದೆ: ಪಿತ್ತಾಮ್ಲ (ಕೊಬ್ಬು ಜೀರ್ಣಿಸಲು ಲಿವರ್ ತಯಾರಿಸುವ ವಸ್ತು), ಬಿಲಿರುಬಿನ್ (ಹಳೆಯ ರಕ್ತಕಣ ಒಡೆದಾಗ ಹುಟ್ಟುವ ಹಳದಿ ವಸ್ತು), ಹಾರ್ಮೋನ್, ವಿಟಮಿನ್ ಇವನ್ನೆಲ್ಲ ರಕ್ತದಿಂದ ಒಳಗೆ ತೆಗೆದುಕೊಳ್ಳುವುದು.

ಪಿತ್ತಾಮ್ಲವನ್ನೇ ನೋಡಿ. ನಮ್ಮ ಮೈಯಲ್ಲಿ ಒಟ್ಟು ಇರುವುದು 2ರಿಂದ 4 ಗ್ರಾಂನಷ್ಟು. ಅಷ್ಟನ್ನೇ ಲಿವರ್ ಕರುಳಿಗೆ ಬಿಡುತ್ತದೆ, ಕರುಳು ನೂರಕ್ಕೆ ಸುಮಾರು 95 ಭಾಗ ಹೀರಿ ವಾಪಸು ಕಳಿಸುತ್ತದೆ, ಲಿವರ್ ಮತ್ತೆ ಹಿಡಿದುಕೊಳ್ಳುತ್ತದೆ. ದಿನಕ್ಕೆ ಹಲವು ಸಲ ಈ ಸುತ್ತು ನಡೆಯುತ್ತದೆ. ಹಾಗೆ ವಾಪಸು ಬಂದ ಪಿತ್ತಾಮ್ಲದಲ್ಲಿ ನೂರಕ್ಕೆ 70ರಿಂದ 90ರಷ್ಟನ್ನು ರಕ್ತ ಒಮ್ಮೆ ಹಾದುಹೋಗುವಷ್ಟರಲ್ಲೇ ಲಿವರ್ ಹಿಡಿಯುತ್ತದೆ. ಇಷ್ಟು ಚುರುಕಾದ ವ್ಯವಸ್ಥೆ ಇರುವಾಗ, ಹೋಲುವ ಆಕಾರದ ಔಷಧಿಗಳು ಮತ್ತು ಕೆಲವು ವಿಷಗಳು ಅದೇ ಪ್ರೋಟೀನ್ ಮೂಲಕ ಒಳಗೆ ನುಸುಳುತ್ತವೆ.

ಲಿವರ್ ಕೂತಿರುವ ಜಾಗವೂ ಹಾಗೇ ಇದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹಾಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನಿಂದ ನೇರ ಬಂದದ್ದು. ಉಳಿದ ಬಹಳಷ್ಟು ಅಂಗಗಳಲ್ಲಿ ರಕ್ತನಾಳದ ಗೋಡೆ ಬಿಗಿಯಾಗಿರುತ್ತದೆ. ಲಿವರ್ ಒಳಗಿನ ಸಣ್ಣ ನಾಳಗಳ ಗೋಡೆ ತುಂಬ ಸೂಕ್ಷ್ಮ ರಂಧ್ರಗಳು. ರಕ್ತದ ದ್ರವ ಆ ರಂಧ್ರಗಳಿಂದ ಹೊರಬಂದು ಜೀವಕೋಶದ ಮೈಗೇ ತಾಗುತ್ತದೆ.

ಇನ್ನೊಂದು ವಿಷಯ. ಎಲ್ಲವೂ ಹೀಗೆ ಸಾಗಣೆ ಪ್ರೋಟೀನ್ ಹಿಡಿದೇ ಬರಬೇಕೆಂದಿಲ್ಲ. ಆಲ್ಕೋಹಾಲ್ ತಾನಾಗಿಯೇ ಪೊರೆಯೊಳಗೆ ಇಳಿದು ಹೋಗುತ್ತದೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಎಷ್ಟೋ ಔಷಧಿ, ರಾಸಾಯನಿಕಗಳೂ ಹಾಗೇ. ಅವು ಒಳಗೆ ಬರಲು ಜೀವಕೋಶ ಬಿಡಿಗಾಸೂ ಖರ್ಚು ಮಾಡುವುದಿಲ್ಲ. ಜೀವಕೋಶ ಎಷ್ಟೇ ಸುಸ್ತಾಗಿದ್ದರೂ ಅವು ಬಂದೇ ಬರುತ್ತವೆ.

ಶಕ್ತಿ ಎಲ್ಲಿ ಖರ್ಚಾಗುತ್ತದೆ?

ಜೀವಕೋಶದ ಶಕ್ತಿ ಎಂದರೆ ಎಟಿಪಿ ಎಂಬ ಅಣು. ಮೈಟೊಕಾಂಡ್ರಿಯಾಗಳು ಆಮ್ಲಜನಕ ಬಳಸಿ ಅದನ್ನು ತಯಾರಿಸುತ್ತವೆ. ಒಂದೊಂದು ಲಿವರ್ ಜೀವಕೋಶದಲ್ಲೂ ಸಾವಿರ, ಎರಡು ಸಾವಿರ ಮೈಟೊಕಾಂಡ್ರಿಯಾ ಇರುತ್ತವೆ. ನಾವು ಸುಮ್ನೆ ಮಲಗಿದ್ದಾಗಲೂ ಮೈ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಲಿವರ್ ಒಂದಕ್ಕೇ ಹೋಗುತ್ತದೆ.

ಈ ಎಟಿಪಿಯನ್ನು ತೆತ್ತು ಜೀವಕೋಶ ಪಿತ್ತಾಮ್ಲವನ್ನು ನೇರವಾಗಿ ಎಳೆಯುತ್ತದೆಯೇ? ಇಲ್ಲ. ಅದು ಎಟಿಪಿ ಕೊಟ್ಟು ಮಾಡುವುದು ಬೇರೊಂದು ಕೆಲಸ: ತನ್ನೊಳಗಿನ ಸೋಡಿಯಂ ಅನ್ನು ಹೊರಗೆ ತಳ್ಳುವುದು. ಸೋಡಿಯಂ-ಪೊಟ್ಯಾಸಿಯಂ ಪಂಪ್ ಎನ್ನುವ ಪ್ರೋಟೀನ್ ಒಂದು ಎಟಿಪಿ ಖರ್ಚಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ ಸಾಗಿಸುತ್ತದೆ. ಡೆನ್ಮಾರ್ಕ್‌ನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಗುರುತಿಸಿದರು. 40 ವರ್ಷ ಕಳೆದು, 1997ರಲ್ಲಿ, ಅದಕ್ಕೆ ನೊಬೆಲ್ ಬಹುಮಾನ ಬಂತು. ಈ ಪಂಪ್ ಹಗಲೂ ರಾತ್ರಿ ಓಡುವುದರಿಂದ ಜೀವಕೋಶದ ಒಳಗಿನ ಸೋಡಿಯಂ ಹೊರಗಿನದರ ಹತ್ತನೇ ಒಂದು ಪಾಲಿನಷ್ಟೇ ಇರುತ್ತದೆ.

ಮನೆ ಮೇಲಿನ ನೀರಿನ ಟ್ಯಾಂಕ್ ಹೀಗೇ ಅಲ್ವಾ? ಕರೆಂಟ್ ಖರ್ಚಾಗುವುದು ಮೋಟಾರು ನೀರು ಮೇಲೇರಿಸುವಾಗ. ಆಮೇಲೆ ನಲ್ಲಿ ತಿರುಗಿಸಿದರೆ ನೀರು ತಾನಾಗಿ ಬರುತ್ತದೆ. ಹೊರಗೆ ಒತ್ತೊತ್ತಾಗಿ ನಿಂತ ಸೋಡಿಯಂ ಒಳಗೆ ಇಳಿಯಲು ಕಾಯುತ್ತಿರುತ್ತದೆ. ಎನ್‌ಟಿಸಿಪಿ ಎಂಬ ಸಾಗಣೆ ಪ್ರೋಟೀನ್ ಎರಡು ಸೋಡಿಯಂ ಇಳಿಯಲು ದಾರಿ ಕೊಟ್ಟು, ಅವುಗಳ ಜೊತೆಗೆ ಒಂದು ಪಿತ್ತಾಮ್ಲವನ್ನು ಒಳಗೆ ತರುತ್ತದೆ.

ಓಎಟಿಪಿ ಎಂಬ ಇನ್ನೊಂದು ಗುಂಪಿಗೆ ಸೋಡಿಯಂ ಕೂಡ ಬೇಡ. ಅದು ಎಟಿಪಿಯನ್ನೂ ನೇರವಾಗಿ ಬಳಸುವುದಿಲ್ಲ. ಬಿಲಿರುಬಿನ್, ನಿಮ್ಮ ಸ್ಟಾಟಿನ್, ಇನ್ನೂ ಹತ್ತಾರು ಔಷಧಿಗಳು ಈ ಗುಂಪಿನ ಮೂಲಕ ಬರುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್‌ನಂಥ ಧನ ವಿದ್ಯುದಂಶದ ಔಷಧಿಯನ್ನು ಜೀವಕೋಶದ ಒಳಗಿನ ಋಣ ವಿದ್ಯುತ್ತೇ ಎಳೆದುಕೊಳ್ಳುತ್ತದೆ. ದೊಡ್ಡ ಪ್ರೋಟೀನ್‌ಗಳನ್ನು ಜೀವಕೋಶ ಪೊರೆಸಮೇತ ಒಳಗೆ ಮಡಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ತುಣುಕುಗಳನ್ನು ಪಕ್ಕದಲ್ಲೇ ಇರುವ ಕುಪ್ಫರ್ ಕೋಶಗಳು ನುಂಗುತ್ತವೆ. ಈ ಎರಡಕ್ಕೂ ಎಟಿಪಿ ಬೇಕು.

ಒಟ್ಟಿನಲ್ಲಿ ಒಳಗೆ ತರುವುದು ಅಗ್ಗದ ಕೆಲಸ. ದುಬಾರಿ ಕೆಲಸ ಶುರುವಾಗುವುದು ಒಳಗೆ ಬಂದ ಮೇಲೆ. ಪ್ರೋಟೀನ್ ಕರಗಿದಾಗ ಹುಟ್ಟುವ ಅಮೋನಿಯಾವನ್ನು ಯೂರಿಯಾ ಮಾಡಲು ಒಂದೊಂದು ಯೂರಿಯಾಕ್ಕೂ ಮೂರು ಎಟಿಪಿ ಬೇಕು. ಅಪಾಯಕಾರಿ ತುಣುಕುಗಳನ್ನು ಹಿಡಿದುಹಾಕುವ ಗ್ಲುಟಾಥಯೋನ್ ತಯಾರಿಸಲು ಅಣುವೊಂದಕ್ಕೆ ಎರಡು ಎಟಿಪಿ. ಬಿಲಿರುಬಿನ್‌ಗೆ ಸಕ್ಕರೆಯಂಥ ಒಂದು ತುಂಡು ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡಬೇಕು, ಅದಕ್ಕೂ ಖರ್ಚು. ಕೊನೆಗೆ ಇದನ್ನೆಲ್ಲ ಪಿತ್ತನಾಳಕ್ಕೆ ತಳ್ಳಬೇಕು. ಅಲ್ಲಿ ಪಿತ್ತಾಮ್ಲ ಒಳಗಿಗಿಂತ ನೂರಾರು ಪಟ್ಟು ದಟ್ಟವಾಗಿರುತ್ತದೆ. ಅಷ್ಟು ದಟ್ಟಣೆಯ ಎದುರಿಗೆ ತಳ್ಳುವ ಬಿಎಸ್‌ಇಪಿ, ಎಂಆರ್‌ಪಿ2 ಎಂಬ ಪಂಪ್‌ಗಳು ಪ್ರತಿ ಸಲವೂ ಎಟಿಪಿಯನ್ನು ನೇರವಾಗಿ ಬಳಸುತ್ತವೆ.

ಹುಟ್ಟಿನಿಂದಲೇ ಎಳೆದುಕೊಳ್ಳಲಾಗದವರು

"ಒಳಗೆ ಎಳೆದುಕೊಳ್ಳಲು ಆಗದಿದ್ದರೆ ವಿಷ ರಕ್ತದಲ್ಲಿ ಸುತ್ತಿ ಮನುಷ್ಯ ಸೋತುಹೋಗುತ್ತಾನೆ" ಎಂಬ ವಾದವನ್ನು ಪರೀಕ್ಷಿಸಲು ನಿಸರ್ಗವೇ ಕೆಲವರನ್ನು ಕೊಟ್ಟಿದೆ. ರೋಟರ್ ಸಿಂಡ್ರೋಮ್ ಇರುವವರಲ್ಲಿ ಓಎಟಿಪಿ ಗುಂಪಿನ ಮುಖ್ಯವಾದ ಎರಡು ಪ್ರೋಟೀನ್‌ಗಳೂ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. 2012ರಲ್ಲಿ ಇದು ಖಚಿತವಾಯಿತು. ಹಾಗಾದರೆ ಅವರ ಗತಿ? ಕಣ್ಣು ಸ್ವಲ್ಪ ಹಳದಿಯಾಗಿರುತ್ತದೆ, ಅಷ್ಟೇ. ಲಿವರ್ ಹಾಳಾಗುವುದಿಲ್ಲ, ಆಯಸ್ಸು ಕಡಿಮೆಯಾಗುವುದಿಲ್ಲ. ಕೆಲವು ಔಷಧಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎನ್‌ಟಿಸಿಪಿ ಕೆಲಸ ಮಾಡದೆ ಹುಟ್ಟಿದವರೂ ಇದ್ದಾರೆ. ಅವರ ರಕ್ತದಲ್ಲಿ ಪಿತ್ತಾಮ್ಲ ವಿಪರೀತ ಜಾಸ್ತಿ, ಆದರೂ ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆ ಇರುವುದಿಲ್ಲ.

ಈಗ ಹೊರಹಾಕುವ ಕಡೆ ನೋಡಿ. ಬಿಎಸ್‌ಇಪಿ ಪಂಪ್ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಪಿತ್ತಾಮ್ಲ ಜೀವಕೋಶದ ಒಳಗೇ ಕಟ್ಟಿಕೊಳ್ಳುತ್ತದೆ. ಕಾಮಾಲೆ, ತಡೆಯಲಾಗದ ತುರಿಕೆ, ಚಿಕ್ಕ ವಯಸ್ಸಿಗೇ ಲಿವರ್ ಗಡುಸಾಗುವ ಸಿರೋಸಿಸ್. ಎಷ್ಟೋ ಮಕ್ಕಳಿಗೆ ಲಿವರ್ ಕಸಿ ಮಾಡದೆ ಬೇರೆ ದಾರಿ ಇರುವುದಿಲ್ಲ. ಎಂಆರ್‌ಪಿ2 ಇಲ್ಲದವರ ಕಥೆ ಇಷ್ಟು ಕಠಿಣವಲ್ಲ. ಡುಬಿನ್-ಜಾನ್ಸನ್ ಸಿಂಡ್ರೋಮ್ ಎಂಬ ಆ ಸ್ಥಿತಿಯಲ್ಲಿ ಲಿವರ್ ಕಪ್ಪಾಗುತ್ತದೆ, ಆದರೆ ಚೆನ್ನಾಗಿಯೇ ನಡೆಯುತ್ತದೆ. ಪಿತ್ತಕ್ಕೆ ಹೋಗಲಾಗದ್ದನ್ನು ಬೇರೊಂದು ಪಂಪ್ ರಕ್ತಕ್ಕೇ ವಾಪಸು ತಳ್ಳುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತದೆ.

ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಲಿವರ್ ರೋಗಿಗಳಲ್ಲಿ ನಾವು ಹೆದರುವುದು ವಸ್ತು ಒಳಗೆ ಬರಲಿಲ್ಲ ಎಂದಲ್ಲ. ಬಂದದ್ದು ಒಳಗೇ ಏನು ಮಾಡಿತು, ಹೊರಗೆ ಹೋಯಿತೋ ಇಲ್ಲವೋ ಎಂದು.

ಕೆಲವು ಸಲ ಎಳೆದುಕೊಳ್ಳುವುದೇ ಅಪಾಯ. ಡೆತ್ ಕ್ಯಾಪ್ ಎಂಬ ವಿಷದ ಅಣಬೆಯ ವಿಷಯ ಕೇಳಿ. ಅದರಲ್ಲಿರುವ ಅಮಟಾಕ್ಸಿನ್ ಬೇಯಿಸಿದರೂ ನಾಶವಾಗುವುದಿಲ್ಲ. ತಿಂದು ಆರು ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ, ನಡುವೆ ಒಂದು ದಿನ ಸುಧಾರಿಸಿದಂತೆ ಕಾಣುವುದು, ನಂತರ ಲಿವರ್ ಕುಸಿತ. ಲಿವರ್‌ಗೇ ಏಕೆ ಅಷ್ಟು ಪೆಟ್ಟು? ಬಿಲಿರುಬಿನ್ ತರುವ ಅದೇ ಓಎಟಿಪಿ ಪ್ರೋಟೀನ್ ಈ ವಿಷವನ್ನೂ ಒಳಗೆ ತರುತ್ತದೆ. ಬಂದದ್ದು ಜೀವಕೋಶದ ಆರ್‌ಎನ್‌ಎ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಆಗ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿಗಳಲ್ಲಿ ಒಂದು ಸಿಲಿಬಿನಿನ್. ಮಿಲ್ಕ್ ಥಿಸಲ್ ಎಂಬ ಗಿಡದಿಂದ ತೆಗೆದದ್ದು. ಅದು ಮಾಡುವ ಕೆಲಸ ಆ ಸಾಗಣೆ ಪ್ರೋಟೀನನ್ನು ತಡೆಯುವುದು, ಅಂದರೆ ಲಿವರ್ ವಿಷ ಎಳೆದುಕೊಳ್ಳದಂತೆ ನೋಡಿಕೊಳ್ಳುವುದು. ಅದೇ ಗಿಡದ ಮಾತ್ರೆಗಳನ್ನು "ಲಿವರ್ ವಿಷ ಎಳೆಯಲು ನೆರವಾಗುತ್ತದೆ" ಎಂದು ಮಾರುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಎನ್‌ಟಿಸಿಪಿ ಕಥೆಯೂ ಇಂಥದ್ದೇ. ಹೆಪಟೈಟಿಸ್ ಬಿ ವೈರಸ್ ಲಿವರ್ ಜೀವಕೋಶಕ್ಕೆ ನುಗ್ಗುವುದು ಈ ಪ್ರೋಟೀನನ್ನು ಹಿಡಿದುಕೊಂಡೇ ಎಂದು 2012ರಲ್ಲಿ ತಿಳಿಯಿತು. ಅದನ್ನು ತಡೆಯುವ ಬುಲೆವಿರ್ಟೈಡ್ ಎಂಬ ಔಷಧಿ ಈಗ ಹೆಪಟೈಟಿಸ್ ಡಿ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಅದನ್ನು ತೆಗೆದುಕೊಳ್ಳುವವರ ರಕ್ತದಲ್ಲಿ ಪಿತ್ತಾಮ್ಲ ಏರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ.

ಶಕ್ತಿ ನಿಜವಾಗಿ ಬತ್ತಿದಾಗ

ಲಿವರ್‌ನಲ್ಲಿ ಎಟಿಪಿ ಬತ್ತಿಹೋಗುವ ಸಂದರ್ಭಗಳು ಖಂಡಿತ ಇವೆ. ಅವು ಹೇಗಿರುತ್ತವೆ ಗೊತ್ತಾದರೆ ನಿಮ್ಮ ಸ್ಥಿತಿ ಅದಲ್ಲ ಎಂಬುದೂ ಗೊತ್ತಾಗುತ್ತದೆ.

ಹೃದಯ ಸೋತು ಅಥವಾ ರಕ್ತ ಹೋಗಿ ಬಿಪಿ ಕುಸಿದರೆ ಲಿವರ್‌ಗೆ ಆಮ್ಲಜನಕ ಸಾಲುವುದಿಲ್ಲ. ಎಟಿಪಿ ನಿಲ್ಲುತ್ತದೆ, ಸೋಡಿಯಂ ಪಂಪ್ ನಿಲ್ಲುತ್ತದೆ, ಸೋಡಿಯಂ ಜೊತೆಗೆ ನೀರೂ ಒಳನುಗ್ಗಿ ಜೀವಕೋಶ ಊದುತ್ತದೆ. ಆಗ ಎಎಲ್‌ಟಿ 68 ಇರುವುದಿಲ್ಲ, ಒಂದೆರಡು ದಿನದಲ್ಲಿ ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಕಸಿಗೆಂದು ತೆಗೆದ ಲಿವರ್‌ನಲ್ಲೂ ಇದೇ ಚಿಂತೆ. ಮಂಜುಗಡ್ಡೆಯಲ್ಲಿಟ್ಟಾಗ ಪಂಪ್ ನಿಲ್ಲುವುದರಿಂದ ಜೀವಕೋಶ ಊದದಂತೆ ತಡೆಯುವ ವಿಶೇಷ ದ್ರವದಲ್ಲಿ ಅದನ್ನು ಇಡುತ್ತಾರೆ. ಈಗ ಕೆಲವು ಕಡೆ ಯಂತ್ರದಲ್ಲಿ ಬೆಚ್ಚಗಿನ ರಕ್ತ ಹರಿಸಿ ಆ ಲಿವರ್ ಬದುಕಿದೆಯೇ ಎಂದು ನೋಡುತ್ತಾರೆ. ನೋಡುವ ಗುರುತುಗಳಲ್ಲಿ ಎರಡು: ಆಮ್ಲಜನಕ ಸಾಲದಾಗ ಜಮೆಯಾಗುವ ಲ್ಯಾಕ್ಟೇಟ್ ಇಳಿಯುತ್ತಿದೆಯೇ, ಪಿತ್ತ ಸುರಿಯುತ್ತಿದೆಯೇ.

ಮೈಟೊಕಾಂಡ್ರಿಯಾಗೇ ವಿಷ ತಾಗಿದರೆ ಇನ್ನೂ ಕೆಟ್ಟದು. 1993ರಲ್ಲಿ ಅಮೆರಿಕದಲ್ಲಿ ಫಿಯಾಲುರಿಡಿನ್ ಎಂಬ ಹೊಸ ಔಷಧಿಯನ್ನು ಹೆಪಟೈಟಿಸ್ ಬಿ ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಪ್ರಾಣಿಗಳಲ್ಲಿ ಲಿವರ್‌ಗೆ ಇಂಥ ಹಾನಿಯ ಸುಳಿವು ಸಿಕ್ಕಿರಲಿಲ್ಲ. 15 ರೋಗಿಗಳಲ್ಲಿ ಏಳು ಜನರ ಲಿವರ್ ಕುಸಿಯಿತು. ಐವರು ತೀರಿಕೊಂಡರು, ಇಬ್ಬರು ಕಸಿಯಿಂದ ಉಳಿದರು. ಕಾರಣ ಗೊತ್ತಾದದ್ದು ವರ್ಷಗಳ ಮೇಲೆ. ಮನುಷ್ಯರ ಮೈಟೊಕಾಂಡ್ರಿಯಾ ಪೊರೆಯಲ್ಲಿ ಆ ಔಷಧಿಯನ್ನು ಒಳಗೆ ತರುವ ಒಂದು ಸಾಗಣೆ ಪ್ರೋಟೀನ್ ಇದೆ. ಇಲಿಗಳಲ್ಲಿ ಅದು ಮೈಟೊಕಾಂಡ್ರಿಯಾದಲ್ಲಿ ಇಲ್ಲ. ಒಂದು ಅಣು ಎಲ್ಲಿಯವರೆಗೆ ಒಳಗೆ ಹೋಗಬಲ್ಲದು ಎಂಬ ಒಂದೇ ವ್ಯತ್ಯಾಸಕ್ಕೆ ಐದು ಜೀವ ಹೋದವು. ನಮ್ಮ ಕ್ಷೇತ್ರದಲ್ಲಿ ಇದನ್ನು ಯಾರೂ ಮರೆಯುವುದಿಲ್ಲ.

ಹೀಗೆ ಶಕ್ತಿ ಬತ್ತಿದ ರೋಗಿಗೆ ಬರೀ ಮಧ್ಯಾಹ್ನದ ತೂಕಡಿಕೆ ಇರುವುದಿಲ್ಲ. ರಕ್ತ ಹೆಪ್ಪುಗಟ್ಟುವುದಿಲ್ಲ, ಸಕ್ಕರೆ ಕುಸಿಯುತ್ತದೆ, ಲ್ಯಾಕ್ಟೇಟ್ ಏರುತ್ತದೆ, ಮಾತು ತೊದಲಿ ಗೊಂದಲವಾಗುತ್ತದೆ. ಐಸಿಯು ಮಂಚದ ಮೇಲೆ ಕಾಣುವ ಚಿತ್ರ ಅದು.

ನಿಮ್ಮ ಲಿವರ್ ವಿಷಯಕ್ಕೆ ಬರೋಣ

ಫ್ಯಾಟಿ ಲಿವರ್‌ನಲ್ಲಿ ಮೈಟೊಕಾಂಡ್ರಿಯಾಗೆ ಹೊರೆ ಬೀಳುವುದು ನಿಜ. ಕೊಬ್ಬಿನ ಜೊತೆ ಉರಿಯೂತವೂ ಇರುವ ರೋಗಿಗಳಿಗೆ ಫ್ರಕ್ಟೋಸ್ ಕೊಟ್ಟು ಅಳೆದಾಗ, ಇಳಿದ ಎಟಿಪಿ ಮತ್ತೆ ಮೇಲೇರಲು ಆರೋಗ್ಯವಂತರಿಗಿಂತ ತಡವಾಗುತ್ತದೆ ಎಂದು ಕಂಡಿದೆ. ಸಲಹೆಗಾರರ ಮಾತಿನ ಮೂಲ ಬಹುಶಃ ಇದೇ. ಆದರೆ "ತಡವಾಗಿ ಏರುತ್ತದೆ" ಎನ್ನುವುದಕ್ಕೂ "ಶಕ್ತಿಯೇ ಇಲ್ಲ, ವಿಷ ಸುತ್ತುತ್ತಿದೆ" ಎನ್ನುವುದಕ್ಕೂ ಬಹಳ ದೂರ.

ನಿಮ್ಮದೇ ಅಂಕಿಗಳನ್ನು ನೋಡಿ. ದಿನಕ್ಕೆ 250ರಿಂದ 300 ಮಿ.ಗ್ರಾಂ. ಬಿಲಿರುಬಿನ್ ಮೈಯಲ್ಲಿ ಹುಟ್ಟುತ್ತದೆ. ಅದನ್ನು ಎಳೆದುಕೊಂಡು, ಬದಲಿಸಿ, ಹೊರಹಾಕುವ ಮೂರೂ ಕೆಲಸ ಲಿವರ್‌ನದೇ. ನಿಮ್ಮ ಬಿಲಿರುಬಿನ್ 0.8, ಅಂದರೆ ಮೂರೂ ನಡೆಯುತ್ತಿವೆ. ಎಎಲ್‌ಟಿ 68 ಎಂದರೆ ಕೆಲವು ಜೀವಕೋಶಗಳಿಂದ ಕಿಣ್ವ ಸೋರುತ್ತಿದೆ ಎಂದು. ಶಕ್ತಿ ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಗಾಯದ ಕಲೆಯಂತೆ ಲಿವರ್ ಗಟ್ಟಿಯಾಗುವುದು, ಅಂದರೆ ಫೈಬ್ರೋಸಿಸ್ ಇದೆಯೇ ಎಂದು ಅಂದಾಜು ಮಾಡಲು ಫಿಬ್-4 ಎಂಬ ಲೆಕ್ಕವಿದೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಹಾಕಿ ಮಾಡುವುದು. ನಿಮ್ಮದು ಸುಮಾರು 1.02 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ.

ಹಾಗಾದರೆ ಸುಸ್ತು ಏಕೆ? ಫ್ಯಾಟಿ ಲಿವರ್ ಇರುವವರಲ್ಲಿ ಸುಸ್ತು ಸಾಮಾನ್ಯ, ಆದರೆ ಅದು ಎಎಲ್‌ಟಿ ಜೊತೆಗೆ ಏರುವುದಿಲ್ಲ, ಇಳಿಯುವುದೂ ಇಲ್ಲ. ಹಗಲಿನಲ್ಲಿ ಕುಳಿತಲ್ಲೇ ಕಣ್ಣು ಮುಚ್ಚುತ್ತದೆ ಎಂದಿರಿ. ನಾನು ಮೊದಲು ಕೇಳುವುದು ನಿಮ್ಮ ಗೊರಕೆಯ ಬಗ್ಗೆ. ಗೊರಕೆ ಜೋರಿದ್ದು, ನಡುನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ ಸ್ಲೀಪ್ ಅಪ್ನಿಯಾ ಪರೀಕ್ಷೆ ಆಗಲೇಬೇಕು. ಬೆಳಿಗ್ಗೆ ಏಳುವಾಗಲೇ ತಲೆನೋವು ಇರುತ್ತದೆಯೇ ಎಂದೂ ಗಮನಿಸಿ, ಅದಕ್ಕೂ ಇದೇ ಕಾರಣ ಇರಬಹುದು. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಎಚ್‌ಬಿಎ1ಸಿ (ಸಕ್ಕರೆಯ ಮೂರು ತಿಂಗಳ ಸರಾಸರಿ) ನೋಡಿಸಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಜ್ಯೂಸ್, ಪುಡಿ, ಮಾತ್ರೆ

ಜ್ಯೂಸ್ ಉಪವಾಸದಿಂದ ಲಿವರ್‌ಗೆ ಶಕ್ತಿ ಬರುವುದಿಲ್ಲ. ಮೊದಲನೆಯದಾಗಿ, ಲಿವರ್ ತನ್ನ ಎಟಿಪಿಗಾಗಿ ಮುಖ್ಯವಾಗಿ ಉರಿಸುವುದು ಕೊಬ್ಬಿನಾಮ್ಲ ಮತ್ತು ಅಮೈನೋ ಆಮ್ಲಗಳನ್ನು. ಸಕ್ಕರೆಯನ್ನು ಅದು ಹೆಚ್ಚಾಗಿ ಬೇರೆ ಅಂಗಗಳಿಗೆ ಹಂಚುತ್ತದೆ. ಎರಡನೆಯದಾಗಿ, ಹಣ್ಣಿನ ರಸದಲ್ಲಿ ಫ್ರಕ್ಟೋಸ್ ಜಾಸ್ತಿ. ಫ್ರಕ್ಟೋಸ್ ಒಮ್ಮೆಲೇ ತುಂಬ ಬಂದರೆ ಅದನ್ನು ಹಿಡಿದುಹಾಕುವ ಮೊದಲ ಹೆಜ್ಜೆಯಲ್ಲೇ ಎಟಿಪಿ ಕರಗುತ್ತದೆ, ಜೊತೆಗೆ ಯೂರಿಕ್ ಆಮ್ಲ ಏರುತ್ತದೆ. ಶಕ್ತಿ ಕೊಡುವುದಕ್ಕೆಂದು ಕುಡಿದದ್ದೇ ಶಕ್ತಿ ತಿನ್ನುತ್ತದೆ. ಮೂರನೆಯದು ನಿಮಗೆ ಮುಖ್ಯ. ಊಟ ಬಿಟ್ಟಾಗ ಗ್ಲುಟಾಥಯೋನ್ ದಾಸ್ತಾನು ಇಳಿಯುತ್ತದೆ, ನೀವು ಪ್ಯಾರಾಸಿಟಮಾಲ್ ತೆಗೆದುಕೊಳ್ಳುವವರು. ಆ ಎರಡೂ ಒಟ್ಟಿಗೆ ಸೇರಬಾರದು. ಅಂದ ಹಾಗೆ, ನೂರಕ್ಕೆ ಐದರಿಂದ ಹತ್ತು ಜನರಿಗೆ ಗಿಲ್ಬರ್ಟ್ ಸಿಂಡ್ರೋಮ್ ಎಂಬ ನಿರುಪದ್ರವಿ ಸ್ಥಿತಿ ಇರುತ್ತದೆ. ಉಪವಾಸ ಮಾಡಿದರೆ ಅವರ ಕಣ್ಣು ಹಳದಿಯಾಗುತ್ತದೆ. "ವಿಷ ಹೊರಬರುತ್ತಿದೆ ನೋಡಿ" ಎಂದು ಅದನ್ನೇ ತೋರಿಸುವವರೂ ಇದ್ದಾರೆ!

ಪುಡಿಯಲ್ಲಿರುವ ಎಟಿಪಿ ಬಗ್ಗೆ ಎರಡೇ ಮಾತು. ಅದು ಕರುಳಿನಲ್ಲೇ ಚೂರಾಗುತ್ತದೆ. ಅಲ್ಲದೆ ನಮ್ಮ ಮೈ ದಿನಕ್ಕೆ ತಯಾರಿಸಿ ಬಳಸುವ ಎಟಿಪಿ ಒಟ್ಟು ಸೇರಿಸಿದರೆ ಹೆಚ್ಚುಕಡಿಮೆ ನಮ್ಮ ತೂಕದಷ್ಟಾಗುತ್ತದೆ. ಒಂದು ಚಮಚ ಪುಡಿಯಿಂದ ಅಲ್ಲಿ ಏನಾದೀತು? ಬಾಯಿಂದ ಕೊಟ್ಟ ಗ್ಲುಟಾಥಯೋನ್ ಕೂಡ ಬಹುಪಾಲು ಕರುಳಿನಲ್ಲೇ ಒಡೆಯುತ್ತದೆ. ಇವೆರಡರಿಂದ ನಷ್ಟ ಹಣ ಮಾತ್ರ. ನನಗೆ ಚಿಂತೆ ಇರುವುದು ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಬಗ್ಗೆ. ಲೋಟದಲ್ಲಿ ಕುಡಿಯುವ ಗ್ರೀನ್ ಟೀ ಬೇರೆ, ಅದರ ಸಾರವನ್ನು ದಟ್ಟ ಮಾಡಿ ಹಾಕುವುದು ಬೇರೆ. ಅದರಲ್ಲಿರುವ ಇಜಿಸಿಜಿ ಎಂಬ ವಸ್ತು ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ. ಮುಟ್ಟಿದರೆ ಲಿವರ್ ಕಿಣ್ವಗಳು ಏರುವುದು ಕಂಡಿದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು. ಕೆಲವರಲ್ಲಿ ತೀವ್ರ ಹೆಪಟೈಟಿಸ್ ಆಗಿ ಕಸಿಯವರೆಗೂ ಹೋಗಿದೆ. ಅದು ಯಾರಿಗೆ ಆಗುತ್ತದೆ ಎಂದು ನೋಡಿ ಹೇಳಲಾಗುವುದಿಲ್ಲ.

ಸ್ಟಾಟಿನ್ ವಿಷಯದಲ್ಲಿ ಸಲಹೆ ಪೂರ್ತಿ ತಲೆಕೆಳಗಾಗಿದೆ. ರೋಸುವಾಸ್ಟಾಟಿನ್ ಕೆಲಸ ಮಾಡಬೇಕಾದ ಜಾಗವೇ ಲಿವರ್ ಜೀವಕೋಶದ ಒಳಗೆ. ಲಿವರ್ ಅದನ್ನು ಎಳೆದುಕೊಳ್ಳಬೇಕು ಎಂದೇ ನಮ್ಮ ಆಸೆ. ಎಳೆದುಕೊಳ್ಳದಿದ್ದರೆ ಅದು ರಕ್ತದಲ್ಲಿ ಉಳಿದು ಸ್ನಾಯುಗಳಿಗೆ ತೊಂದರೆ ಕೊಡುತ್ತದೆ. ಸೆರಿವಾಸ್ಟಾಟಿನ್ ಎಂಬ ಹಳೆಯ ಸ್ಟಾಟಿನ್ ಜೊತೆ ರಕ್ತದ ಕೊಬ್ಬು ಇಳಿಸುವ ಜೆಮ್‌ಫೈಬ್ರೋಜಿಲ್ ಕೊಟ್ಟಾಗ, ಒಳಗೆ ತರುವ ಪ್ರೋಟೀನ್ ಮತ್ತು ಕರಗಿಸುವ ಕಿಣ್ವ ಎರಡೂ ತಡೆದುಹೋಗಿ ಸ್ನಾಯುಗಳೇ ಕರಗಿದ ಪ್ರಕರಣಗಳಾದವು. 2001ರಲ್ಲಿ ಆ ಔಷಧಿಯನ್ನು ಮಾರುಕಟ್ಟೆಯಿಂದ ತೆಗೆದರು. ಹಾಗಾಗಿ ನಿಮಗೆ ಸೈಕ್ಲೋಸ್ಪೋರಿನ್‌ನಂಥ (ಅಂಗ ಕಸಿಯಾದವರಿಗೆ ಕೊಡುವ) ಔಷಧಿಯನ್ನು ಯಾರಾದರೂ ಹೊಸದಾಗಿ ಬರೆದರೆ ಸ್ಟಾಟಿನ್ ತೆಗೆದುಕೊಳ್ಳುತ್ತಿರುವುದನ್ನು ತಪ್ಪದೆ ಹೇಳಿ. ಫ್ಯಾಟಿ ಲಿವರ್ ಇದ್ದರೂ ಸ್ಟಾಟಿನ್ ಸುರಕ್ಷಿತ. ಎಎಲ್‌ಟಿ ಮಿತಿಯ ಮೂರು ಪಟ್ಟು ದಾಟಿ ಅಲ್ಲೇ ನಿಂತರೆ ಮಾತ್ರ ನಿಲ್ಲಿಸುವ ಯೋಚನೆ. ಫ್ಯಾಟಿ ಲಿವರ್ ಇರುವವರಿಗೆ ದೊಡ್ಡ ಅಪಾಯ ಲಿವರ್‌ಗಿಂತ ಹೃದಯದಿಂದ ಎಂಬುದನ್ನೂ ನೆನಪಿಡಿ. ತೊಡೆ, ಭುಜದ ಸ್ನಾಯುಗಳಲ್ಲಿ ನೋವು ಇದ್ದರೆ ಹೇಳಿ. ಆಗ ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸೋಣ.

ಪ್ಯಾರಾಸಿಟಮಾಲ್ ಬಿಡಬೇಕಿಲ್ಲ. ಮಿತಿ ಮೀರದಿದ್ದರೆ ಫ್ಯಾಟಿ ಲಿವರ್‌ಗೆ ನೋವಿನ ಮಾತ್ರೆಗಳಲ್ಲಿ ಅದೇ ವಾಸಿ. ಅದರ ಸಣ್ಣ ಪಾಲು ಮಾತ್ರ ಲಿವರ್‌ನಲ್ಲಿ ವಿಷಕಾರಿ ರೂಪಕ್ಕೆ ತಿರುಗುತ್ತದೆ, ಗ್ಲುಟಾಥಯೋನ್ ಅದನ್ನು ಅಲ್ಲೇ ಅಡಗಿಸುತ್ತದೆ. ಮಿತಿ ಮೀರಿದರೆ ಗ್ಲುಟಾಥಯೋನ್ ಖಾಲಿಯಾಗಿ ಆ ವಿಷ ಮೈಟೊಕಾಂಡ್ರಿಯಾಗೆ ಹೊಡೆಯುತ್ತದೆ. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಕಟ್ಟಕಡೆಯ ಮಿತಿ. ನೀವು 2 ಗ್ರಾಂ ಒಳಗೇ ಇರಿ. ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲೇಬಲ್ ನೋಡಿ ಲೆಕ್ಕಕ್ಕೆ ಸೇರಿಸಿ. ಅಕಸ್ಮಾತ್ ಜಾಸ್ತಿ ನುಂಗಿದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಎಂಟು ಗಂಟೆಯೊಳಗೆ ಸಿಕ್ಕರೆ ಲಿವರ್ ಬಹುತೇಕ ಉಳಿಯುತ್ತದೆ. ಇನ್ನು, ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ದಿನ ತಲೆನೋವಿನ ಮಾತ್ರೆ ಬೇಕಾಗುತ್ತಿದ್ದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು.

ಮೈಟೊಕಾಂಡ್ರಿಯಾದ ಹೊರೆ ಇಳಿಸುವ ದಾರಿ ತೂಕ ಇಳಿಸುವುದೇ. ನೂರಕ್ಕೆ 5 ಭಾಗ, ಅಂದರೆ ನಿಮಗೆ 4 ಕೆ.ಜಿ. ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. 6ರಿಂದ 8 ಕೆ.ಜಿ. ಇಳಿದರೆ ಉರಿಯೂತವೂ ಇಳಿಯುತ್ತದೆ. ಇದಕ್ಕೆ ಆರು ತಿಂಗಳಿಂದ ವರ್ಷ ತೆಗೆದುಕೊಳ್ಳಿ. ಗಡಿಬಿಡಿ ಮಾಡಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವಿದೆ. ತೂಕ ಅಷ್ಟಾಗಿ ಇಳಿಯದಿದ್ದರೂ ದಿನದ ಚುರುಕು ನಡಿಗೆಯಿಂದ ಲಿವರ್ ಕೊಬ್ಬು ಸ್ವಲ್ಪ ಕರಗುತ್ತದೆ.

ಪುಡಿ ಎರಡು ವಾರ ಕುಡಿದಿರುವುದರಿಂದ ಈ ವಾರವೇ ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿ, ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಕೂಡ. ಹಳೆಯ 68ರ ಆಸುಪಾಸಿನಲ್ಲೇ ಇದ್ದರೆ ನಾಲ್ಕರಿಂದ ಆರು ವಾರ ಬಿಟ್ಟು ಮತ್ತೊಮ್ಮೆ ಸಾಕು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಇದುವರೆಗೆ ಆಗಿಲ್ಲದಿದ್ದರೆ ಅದೇ ರಕ್ತದಲ್ಲಿ ಮಾಡಿಸಿಬಿಡಿ. ಮೂತ್ರ ಗಾಢ ಹಳದಿಯಾಗುವುದು, ಕಣ್ಣು ಹಳದಿಯಾಗುವುದು, ಮೈ ತುರಿಕೆ, ಊಟ ಕಂಡರೆ ಓಕರಿಕೆ, ಬಲ ಪಕ್ಕೆಯ ಕೆಳಗೆ ನೋವು ಇವುಗಳಲ್ಲಿ ಒಂದು ಕಂಡರೂ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯಬೇಡಿ, ಅಂದೇ ಡಾಕ್ಟರನ್ನು ಕಾಣಿ. ಹೋಗುವಾಗ ಪುಡಿಯ ಡಬ್ಬಿಯನ್ನು ಲೇಬಲ್ ಸಮೇತ ತೆಗೆದುಕೊಂಡು ಹೋಗಿ.